ಪುಟ್ಟನ ಹೆಡ್‌ಫೋನ್ ವಿಷಯ

ಮ್ಯಾಂಚೆಸ್ಟರ್
12 ಅಕ್ಟೋಬರ್ 2025

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಇಲ್ಲಿ ಆರಾಮ. ಅಮ್ಮನ ಮಂಡಿ ನೋವು ಹೇಗಿದೆ? ನೀನು ಕಳಿಸಿದ ದಸರಾ ಗೊಂಬೆಗಳ ಫೋಟೊ ನೋಡಿ ಮೈಸೂರಿಗೇ ಬಂದ ಹಾಗಾಯಿತು.

ಎರಡು ವಿಷಯ ಇವೆ. ಫೋನಿನಲ್ಲಿ ಶುರು ಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಪತ್ರ. ಒಂದು, ಡಿಸೆಂಬರ್‌ನಲ್ಲಿ ಬರುವಾಗ ತಗೊಂಡು ಬಾ ಅಂತ ನಿನ್ನ ಮಗ ಪುಟ್ಟ ಕೇಳಿರುವ, ಸುತ್ತಲಿನ ಸದ್ದು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್. ಇನ್ನೊಂದು, ನನ್ನ ಮಗಳು ಪುಟ್ಟಿ ಮಾತಿನ ಮಧ್ಯೆ ಫೋನ್ ಇಟ್ಟುಬಿಡುತ್ತಾಳೆ ಅನ್ನುವ ಅಮ್ಮನ ಬೇಜಾರು. ಎರಡೂ ಒಂದಕ್ಕೊಂದು ತಳಕು ಹಾಕಿಕೊಂಡಿವೆ.

ಪುಟ್ಟಿಗೆ ಅಜ್ಜಿ ಮೇಲಿನ ಪ್ರೀತಿ ಒಂದು ಚೂರೂ ಕಮ್ಮಿಯಾಗಿಲ್ಲ ಅಕ್ಕ. ಅಮ್ಮ ಮಾತಾಡುವುದು ಅಡುಗೆಮನೆಯಿಂದ. ಹಿಂದೆ ಮಿಕ್ಸಿ, ಕುಕ್ಕರ್ ಕೂಗು, ಹಾಲಿನಲ್ಲಿ ಟಿವಿ. ಆ ಗದ್ದಲದಲ್ಲಿ ಅಜ್ಜಿಯ ಮಾತು ಯಾವುದು ಅಂತ ಅವಳಿಗೆ ಬಿಡಿಸಿಕೊಳ್ಳಲು ಆಗುತ್ತಿಲ್ಲ. ನಮಗೂ ತಡವಾಗಿ ಗೊತ್ತಾಯಿತು. ಒಂದು ಭಾನುವಾರ ದೋಸೆ ಹುಯ್ಯುತ್ತಿದ್ದೆ. ಒಲೆ ಮೇಲಿನ ಫ್ಯಾನ್ ಓಡುತ್ತಿತ್ತು. ಬೆನ್ನು ಹಾಕಿಕೊಂಡೇ "ಇನ್ನೊಂದು ಬೇಕಾ?" ಅಂದೆ. ಉತ್ತರ ಇಲ್ಲ. ಮತ್ತೆ ಕೇಳಿದೆ. ಇಲ್ಲ. ಸಿಟ್ಟು ಬಂದು ತಿರುಗಿದರೆ, ತಟ್ಟೆ ಬಿಟ್ಟು ನನ್ನ ತುಟಿಯನ್ನೇ ನೋಡುತ್ತಾ ಕೂತಿದ್ದಾಳೆ. "ಅಮ್ಮಾ, ನೀನು ಏನೋ ಹೇಳ್ತಿದ್ದೀಯ ಅಂತ ಗೊತ್ತಾಗತ್ತೆ. ಏನು ಅಂತ ಗೊತ್ತಾಗಲ್ಲ" ಅಂದಳು. ಹೆಂಚಿನ ಮೇಲಿದ್ದ ದೋಸೆ ಸೀದುಹೋಯಿತು.

ಕಿವಿ ಪರೀಕ್ಷೆ ಮಾಡಿಸಿದೆವು. ಸದ್ದೇ ಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕುಯ್ ಅಂದಾಗಲೆಲ್ಲ ಗುಂಡಿ ಒತ್ತಬೇಕು ಅಂದರು. ಒಂದೂ ತಪ್ಪಲಿಲ್ಲ. ಆಮೇಲೆ ಜನ ಗುಜುಗುಜು ಮಾತಾಡುವ ಸದ್ದಿನ ನಡುವೆ ಒಂದೊಂದೇ ವಾಕ್ಯ ಕೇಳಿಸಿದರು. ಅಲ್ಲಿ ತಡವರಿಸಿದಳು. ಇದಕ್ಕೆ ಆಡಿಟರಿ ಪ್ರೊಸೆಸಿಂಗ್ ಡಿಸಾರ್ಡರ್ ಅನ್ನುತ್ತಾರಂತೆ. ಕಿವಿ ಸರಿಯಾಗೇ ಇದೆ. ಬಂದ ಸದ್ದಿನಲ್ಲಿ ಬೇಕಾದ್ದನ್ನು ಮಿದುಳು ಆರಿಸಿಕೊಳ್ಳಬೇಕಲ್ಲ, ತೊಡಕು ಅಲ್ಲಿ. ಅಮ್ಮ ಮೊರದ ತುಂಬ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದದ್ದು ನೆನಪಿದೆಯಾ? ನಮಗೆ ಕಾಣದ ಕಲ್ಲು ಅವಳ ಬೆರಳಿಗೆ ಸಿಗುತ್ತಿತ್ತು. ಕೈ ಪಳಗಿತ್ತು. ಗದ್ದಲದಲ್ಲಿ ಮಾತು ಹಿಡಿಯುವುದೂ ಹಾಗೇ ಪಳಗಬೇಕು, ಅದು ಮುಗಿಯುವುದು ಹದಿಹರೆಯದ ಕೊನೆಯ ಹೊತ್ತಿಗೆ ಅಂತ ಕಿವಿ ಪರೀಕ್ಷಿಸಿದ ಆಡಿಯಾಲಜಿಸ್ಟ್ ಹೇಳಿದರು.

ಅವರು ಆಮೇಲೆ ಕೇಳಿದ್ದು, ದಿನಕ್ಕೆ ಎಷ್ಟು ಗಂಟೆ ಇಂಥ ಹೆಡ್‌ಫೋನ್ ಹಾಕುತ್ತಾಳೆ ಅಂತ. ಬಸ್ಸಿನಲ್ಲಿ, ಹೋಮ್‌ವರ್ಕ್ ಮಾಡುವಾಗ, ಮಲಗುವಾಗ. ಎಷ್ಟೋ ಸಲ ಹಾಡೂ ಇರುವುದಿಲ್ಲ, ಸುಮ್ನೆ ಸದ್ದು ಬೇಡ ಅಂತ ಹಾಕಿಕೊಂಡಿರುತ್ತಾಳೆ. ಕೂಡಿಸಿದರೆ ಐದಾರು ಗಂಟೆ. ಹೀಗೆ ಮೂರು ವರ್ಷ. ಓದಿಗೆ ಒಳ್ಳೆಯದು ಅಂತ ನಾನೇ ಕೊಡಿಸಿದ್ದು ಅಕ್ಕ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹೆಡ್‌ಫೋನಿನಿಂದಲೇ ಹೀಗಾಯಿತು ಅಂತ ಯಾರೂ ಹೇಳಿಲ್ಲ. ಕಿವಿ ಸರಿಯಿದ್ದೂ ಮಾತು ಹಿಡಿಯಲಾಗದ ಹುಡುಗ ಹುಡುಗಿಯರು ಜಾಸ್ತಿ ಬರುತ್ತಿದ್ದಾರೆ, ಈ ಹೆಡ್‌ಫೋನ್ ಕಾರಣ ಇರಬಹುದಾ ಅಂತ ಇಂಗ್ಲೆಂಡಿನ ಕೆಲವು ಆಡಿಯಾಲಜಿಸ್ಟ್‌ಗಳು ಇದೇ ಫೆಬ್ರವರಿಯಲ್ಲಿ ಪ್ರಶ್ನೆ ಎತ್ತಿದರು. ಅದು ಇನ್ನೂ ಸಾಬೀತಾಗಿಲ್ಲ. ತಿರುಗಿಸಿಯೂ ನೋಡಬಹುದು. ಮೊದಲೇ ಈ ತೊಂದರೆ ಇರುವ ಮಕ್ಕಳಿಗೆ ಗದ್ದಲ ಅಂದರೆ ಸುಸ್ತು, ಅದಕ್ಕೇ ಅವರು ಹೆಡ್‌ಫೋನ್ ಮೊರೆಹೋಗುತ್ತಾರೆ.

ಆದರೂ ಪುಟ್ಟನಿಗೆ ಅದನ್ನು ತರಲು ನನ್ನ ಮನಸ್ಸು ಒಪ್ಪುತ್ತಿಲ್ಲ. 2012ರಲ್ಲಿ ಇಲ್ಲಿನ ಸಂಶೋಧಕರು ಆರೋಗ್ಯವಾಗಿದ್ದವರ ಒಂದು ಕಿವಿಗೆ ಏಳು ದಿನ ಬಿರಡೆ ಹಾಕಿಸಿ ನೋಡಿದ್ದರು. ಹೆಚ್ಚಿನವರಿಗೆ ಎಲ್ಲೂ ಇಲ್ಲದ ಸದ್ದು ಕೇಳಿಸತೊಡಗಿತು. ಬಿರಡೆ ತೆಗೆದ ಮೇಲೆ ಹೋಯಿತು. ಏಳೇ ದಿನ, ಅದೂ ದೊಡ್ಡವರಿಗೆ! ಚಿಕ್ಕಂದಿನಲ್ಲಿ ಕಿವಿಯೊಳಗೆ ನೀರು ಕಟ್ಟಿ ತಿಂಗಳುಗಟ್ಟಲೆ ಮಂದವಾಗಿ ಕೇಳಿಸಿಕೊಂಡ ಮಕ್ಕಳಿದ್ದಾರಲ್ಲ, ಅವರಲ್ಲಿ ಕೆಲವರಿಗೆ ಅದು ವಾಸಿಯಾದ ಮೇಲೂ ಗದ್ದಲದಲ್ಲಿ ಮಾತು ಹಿಡಿಯುವುದು ಕಷ್ಟವಂತೆ. ಹೆಡ್‌ಫೋನ್ ಬಿರಡೆಯಲ್ಲ, ನಿಜ. ಆದರೆ ಬೆಳೆಯುವ ಮಗುವಿಗೆ ವರ್ಷಗಟ್ಟಲೆ ಸುತ್ತಲಿನ ಸದ್ದು ತಪ್ಪಿಸುವುದು ಬೇಡ ಅನ್ನಲು ನನಗೆ ಇಷ್ಟು ಸಾಕು.

ವಿಮಾನದಲ್ಲಿ ಅದು ಒಳ್ಳೆಯದೇ. ಎಂಜಿನ್ನಿನ ಗುಂಯ್‌ಗುಡುವ ಸದ್ದನ್ನು ಅದರ ಮೈಕ್ ಹಿಡಿಯುತ್ತದೆ, ಹೆಡ್‌ಫೋನ್ ಅದಕ್ಕೆ ಎದುರಾದ ಅಲೆ ಹುಟ್ಟಿಸುತ್ತದೆ, ಎರಡೂ ಸೇರಿ ಅಡಗುತ್ತವೆ. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಈ ಯೋಚನೆ ಬಂದದ್ದೂ 1978ರಲ್ಲಿ, ವಿಮಾನದಲ್ಲಿ ಕೂತಿದ್ದಾಗ. ಹೊರಗಿನ ಸದ್ದು ಕಮ್ಮಿಯಾದರೆ ವಾಲ್ಯೂಮ್ ಏರಿಸಬೇಕಿಲ್ಲ, ಅದೂ ಒಂದು ಲಾಭ. ಮಕ್ಕಳು 75 ಡೆಸಿಬಲ್ ಸದ್ದಿನಲ್ಲಿ ಕೇಳುವುದು ವಾರಕ್ಕೆ 40 ಗಂಟೆ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆದರೆ ಪುಟ್ಟನಿಗೆ ಬೇಕಿರುವುದು ವಿಮಾನಕ್ಕಲ್ಲ, ಮನೆಯಲ್ಲಿ ಓದಲಿಕ್ಕೆ. ಅವನಿಗಿನ್ನೂ ಹದಿಮೂರು. ಈ ಸಲ ನಾನು ತರುವುದಿಲ್ಲ ಅಕ್ಕ, ಬೇಜಾರು ಮಾಡಿಕೊಳ್ಳಬೇಡ. ಅವನಿಗೆ ಒಳ್ಳೆಯ ಸೈಕಲ್ ಕೊಡಿಸುತ್ತೇನೆ. ಅವನು ಓದುವ ಹೊತ್ತಿಗೆ ಟಿವಿ ಸದ್ದು ಸ್ವಲ್ಪ ಇಳಿಸಲು ಭಾವನವರಿಗೆ ಹೇಳು. ಅವನೂ ಪದೇ ಪದೇ "ಏನು?" ಅನ್ನುತ್ತಿದ್ದರೆ ಸುಮ್ಮನಿರಬೇಡ. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ನಿಮ್ಮ ಮನೆ ಬಾಗಿಲಲ್ಲೇ ಇದೆ. ಒಮ್ಮೆ ತೋರಿಸು. ಇಲ್ಲಿ ನಾವು ಸರದಿಗಾಗಿ ತಿಂಗಳುಗಟ್ಟಲೆ ಕಾದೆವು.

ಪುಟ್ಟಿ ಈಗ ಹೆಡ್‌ಫೋನ್ ಬಸ್ಸಿಗೆ ಮಾತ್ರ ಅಂತ ಒಪ್ಪಿಕೊಂಡಿದ್ದಾಳೆ. ದಿನಾ ಇಪ್ಪತ್ತು ನಿಮಿಷ ಸದ್ದಿನ ನಡುವೆ ಕತೆ ಕೇಳುವ ಅಭ್ಯಾಸ ಕೊಟ್ಟಿದ್ದಾರೆ. ಮೊದಲು ಸಣ್ಣ ಸದ್ದು, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಕತೆಗಳೆಲ್ಲ ಇಂಗ್ಲಿಷಿನವು. "ಅಜ್ಜಿ ಕತೆ ಸಿಗತ್ತಾ?" ಅಂತ ನಿನ್ನೆ ಕೇಳಿದಳು.

ಅದಕ್ಕೇ ಅಮ್ಮನ ಹತ್ತಿರ ಮೂರು ಕತೆ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ಮೊದಲನೆಯದು ರೂಮಿನಲ್ಲಿ, ಬಾಗಿಲು ಹಾಕಿಕೊಂಡು. ಎರಡನೆಯದು ಫ್ಯಾನ್ ಹಾಕಿ. ಮೂರನೆಯದಕ್ಕೆ ಅಮ್ಮ ಅಡುಗೆಮನೆಯಲ್ಲೇ ಕೂರಲಿ, ನೀನು ಪಕ್ಕದಲ್ಲಿ ಚಟ್ನಿಗೆ ಮಿಕ್ಸಿ ಹಾಕು.

ನಿನ್ನ ತಂಗಿ