ವೆಲ್ಲೆಸ್ಲಿಯ ಗೆಲುವಿನಲ್ಲಿ ಎತ್ತುಗಳ ಪಾಲು

ಮಾನ್ಯರೇ,

ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದ ಬ್ರಿಟಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿಯನ್ನು ಶ್ರೀರಂಗಪಟ್ಟಣ ಗೆದ್ದ ಸೇನಾನಿ ಎಂದು ಬರೆಯುವುದು ವಾಡಿಕೆಯಾಗಿಬಿಟ್ಟಿದೆ. ಇದು ಸರಿಯಲ್ಲ. ಟಿಪ್ಪುವಿನ ಮೇಲಿನ 1799ರ ದಂಡಯಾತ್ರೆಯ ದಂಡನಾಯಕ ಜನರಲ್ ಹ್ಯಾರಿಸ್. ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ವೆಲ್ಲೆಸ್ಲಿ ಅಂದು ಮೀಸಲು ಪಡೆಯೊಂದಿಗಿದ್ದ. ಅದಕ್ಕೆ ಮೊದಲು, ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿ, ಕತ್ತಲಲ್ಲಿ ದಿಕ್ಕು ತಪ್ಪಿ, 33ನೇ ರೆಜಿಮೆಂಟಿನ ಕೆಲವರನ್ನು ಸೆರೆಗೆ ಕೊಟ್ಟು ಹಿಂದಿರುಗಿದ್ದ.

ಪಟ್ಟಣದ ಉಸ್ತುವಾರಿ ಸಿಕ್ಕ ಮೇಲೆ ಆತ ಸೇನಾನಿಯಾಗಿ ಪಳಗಿದ. ಪಳಗಿಸಿದ್ದು ಸಾಗಣೆಯ ಲೆಕ್ಕಾಚಾರ. ಅದರ ಪಾಠ ಹಿಂದೆಯೇ ಸಿಕ್ಕಿತ್ತು: 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಅಂದಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಗೆದ್ದರೂ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆಸಿ ಹಿಮ್ಮೆಟ್ಟಬೇಕಾಯಿತು. ಮಳೆ ಹಿಡಿದಿತ್ತು, ಮೇವಿರಲಿಲ್ಲ, ರೋಗ ಬಂದು ಎತ್ತುಗಳು ಸಾಲುಸಾಲಾಗಿ ಸತ್ತವು. ಎತ್ತು ಸತ್ತರೆ ಫಿರಂಗಿ ಮಾತ್ರವಲ್ಲ, ಅಕ್ಕಿ ಮೂಟೆಯೂ ದಾರಿಯಲ್ಲೇ ಉಳಿಯುತ್ತದೆ. 1799ರಲ್ಲೂ ಟಿಪ್ಪು ನೇರ ದಾರಿಯ ಮೇವು ಸುಡಿಸಿದ್ದರಿಂದಲೇ ಹ್ಯಾರಿಸ್ ದಕ್ಷಿಣಕ್ಕೆ ತಿರುಗಿ ಸೋಸಲೆಯಲ್ಲಿ ಕಾವೇರಿ ದಾಟಿದ.

1800ರ ಮಳೆಗಾಲದಲ್ಲಿ, ಟಿಪ್ಪುವಿನ ಪತನದ ನಂತರ ತನ್ನದೇ ಪಡೆ ಕಟ್ಟಿ ಬಂಡೆದ್ದ ಧೋಂಡಿಯಾ ವಾಘನ ಬೆನ್ನು ಹತ್ತಿದಾಗ ವೆಲ್ಲೆಸ್ಲಿ ಈ ಪಾಠ ಮರೆಯಲಿಲ್ಲ. ಧಾನ್ಯ ಹೊರಲು ಲಂಬಾಣಿಗಳು, ಬೆಂಬಲಕ್ಕೆ ದಿವಾನ್ ಪೂರ್ಣಯ್ಯ, ತುಂಬಿದ ಹೊಳೆ ದಾಟಲು ಹರಿಗೋಲು. ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಧೋಂಡಿಯಾನ ಸಾಮಾನು ಸರಂಜಾಮು ಕೈವಶವಾಯಿತು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ನಾಲ್ಕು ರೆಜಿಮೆಂಟ್ ಕುದುರೆ ಸವಾರರನ್ನು ಒಂದೇ ಸಾಲಿನಲ್ಲಿ ಹೂಡಿ ಆತನನ್ನು ಮುಗಿಸಿದ. ಮರಾಠರ ವಿರುದ್ಧ 1803ರ ಅಸ್ಸಾಯೆ ಗೆಲುವಿಗೆ ಬುನಾದಿ ಬಿದ್ದದ್ದು ಇಲ್ಲಿ.

ಆ ಸಾಗಣೆಯ ಬೆನ್ನೆಲುಬಾದ ಅಮೃತಮಹಲ್ ಎತ್ತಿನ ತಳಿಯದ್ದು ಬೇರೆಯೇ ಕಥೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಗೆ (ಅರಮನೆಯ ದನಗಳ ಇಲಾಖೆ) ಟಿಪ್ಪು ಇಟ್ಟ ಹೆಸರು ಅದು. ಟಿಪ್ಪುವಿನ ಪತನದ ನಂತರ ನಿಗಾ ತಪ್ಪಿ ಮಂದೆ ಸೊರಗಿತು. 1813ರಲ್ಲಿ ಕಂಪನಿ ಸರ್ಕಾರ ಅದನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. 1860ರಲ್ಲಿ ಖರ್ಚಿನ ನೆಪ ಹೇಳಿ ಮಾರಿ, ಕೆಲವೇ ವರ್ಷಗಳಲ್ಲಿ ಪಶ್ಚಾತ್ತಾಪಪಟ್ಟು ಮಂದೆಯನ್ನು ಮತ್ತೆ ಕಟ್ಟಬೇಕಾಯಿತು.

ವೆಲ್ಲೆಸ್ಲಿಯ ಬಗ್ಗೆ ಬರೆಯುವವರು ಅಜ್ಜಂಪುರದ ತಳಿ ಕೇಂದ್ರಕ್ಕೂ ಒಮ್ಮೆ ಹೋಗಿ ಬರಲಿ. ಒತ್ತುವರಿಯಾದ ಅಮೃತಮಹಲ್ ಕಾವಲುಗಳ (ಈ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು) ವಿಚಾರವನ್ನೂ ಪತ್ರಿಕೆ ಎತ್ತಿಕೊಳ್ಳಲಿ ಎಂದು ವಿನಂತಿ.

– ಓರ್ವ ಓದುಗ, ಶ್ರೀರಂಗಪಟ್ಟಣ