ತಾಲ್ಲೂಕು ವೈದ್ಯರ ಪ್ರಶ್ನೆಗೆ ಪುರಾವೆ ಹುಡುಕಿಕೊಡುವವರು ಯಾರು?

ಮಾನ್ಯ ಸಂಪಾದಕರೇ,

ಮುಂಗಾರು ಕಾಲಿಟ್ಟಿತೆಂದರೆ ಹಾವು ಕಡಿತದ ಸಾವುಗಳ ವರದಿಗಳು ತಮ್ಮ ಪತ್ರಿಕೆಯಲ್ಲಿ ಬರತೊಡಗುತ್ತವೆ. ಔಷಧದ ದಾಸ್ತಾನು, ಆಂಬುಲೆನ್ಸ್ ಬರುವ ಹೊತ್ತು, ವೈದ್ಯರ ಖಾಲಿ ಹುದ್ದೆ ಇವೆಲ್ಲ ಅವುಗಳಲ್ಲಿ ಚರ್ಚೆಯಾಗುತ್ತವೆ, ಆಗಬೇಕಾದದ್ದೇ. ಆದರೆ ಔಷಧವೂ ಇದ್ದು, ವೈದ್ಯರೂ ಇದ್ದು, ಅವರ ಮನಸ್ಸಿನಲ್ಲಿ ಪ್ರಶ್ನೆಯೊಂದು ಉತ್ತರವಿಲ್ಲದೆ ನಿಂತುಬಿಡುವ ಸಂದರ್ಭದ ಬಗ್ಗೆ ಯಾರೂ ಬರೆದದ್ದನ್ನು ನಾನು ಕಾಣೆ. ಅದಕ್ಕಾಗಿ ಈ ಪತ್ರ. ನಾನು ವೈದ್ಯನಲ್ಲ. ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದಲ್ಲಿ 27 ವರ್ಷ ದುಡಿದು ನಿವೃತ್ತನಾಗಿ, ಈಗ ರಾಯಚೂರಿನಲ್ಲಿ ನೆಲೆಸಿದ್ದೇನೆ.

ಕಳೆದ ಮಳೆಗಾಲದಲ್ಲಿ, ಹಿಂದೆ ನಮ್ಮ ಗ್ರಂಥಾಲಯದಲ್ಲೇ ಕೂತು ಓದಿ ಹೋದ ಯುವ ವೈದ್ಯರೊಬ್ಬರು ಬೆಳಗಿನ ಹೊತ್ತು ಫೋನ್ ಮಾಡಿದರು. ಅವರು ಈಗ ನಮ್ಮ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿದ್ದಾರೆ. ಹಿಂದಿನ ರಾತ್ರಿ ಭತ್ತದ ಗದ್ದೆಗೆ ನೀರು ಕಟ್ಟಲು ಹೋಗಿದ್ದ ರೈತರೊಬ್ಬರಿಗೆ ಕೊಳಕುಮಂಡಲ ಕಡಿದಿತ್ತು. ಹಾವಿನ ವಿಷಕ್ಕೆ ಮದ್ದಾದ ಎಎಸ್‌ವಿಯನ್ನು (ಆಂಟಿ ಸ್ನೇಕ್ ವೆನಮ್) ಡ್ರಿಪ್‌ನಲ್ಲಿ ಹಚ್ಚಿ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ಬಿ.ಪಿ. ಕುಸಿದಿತ್ತು. ಅಡ್ರಿನಲಿನ್ ಕೊಟ್ಟು ಉಳಿಸಿಕೊಂಡಿದ್ದರು. ರೋಗಿ ಎದ್ದು ಕೂತು ಚಹಾ ಕುಡಿಯುತ್ತಿದ್ದರು. ಪ್ರಶ್ನೆ ಮಾತ್ರ ವೈದ್ಯರನ್ನು ಬಿಟ್ಟಿರಲಿಲ್ಲ. “ಸರ್, ಎಎಸ್‌ವಿ ಹಚ್ಚೂದಕ್ಕಿಂತ ಮುಂಚೆ ಹೈಡ್ರೋಕಾರ್ಟಿಸೋನ್, ಅವಿಲ್ ಎರಡೂ ಕೊಟ್ಟಿದ್ದೆ, ಆದ್ರೂ ರಿಯಾಕ್ಷನ್ ಬಂತು. ಸೀನಿಯರ್ ಕೊಡಬೇಕು ಅಂತಾರ, ಮೊಬೈಲ್‌ನಾಗ ಒಂದು ಕಡಿ ಬ್ಯಾಡ ಅಂತ ಐತಿ, ಇನ್ನೊಂದು ಕಡಿ ಕೊಡ್ರಿ ಅಂತ ಐತಿ. ಯಾವುದು ಖರೆ?” (ಹೈಡ್ರೋಕಾರ್ಟಿಸೋನ್ ಒಂದು ಸ್ಟೀರಾಯ್ಡ್, ಅವಿಲ್ ಅಲರ್ಜಿ ತಡೆಯುವ ಔಷಧ; ಎರಡನ್ನೂ ರಿಯಾಕ್ಷನ್ ಬರದಿರಲೆಂದು ಕೊಡುತ್ತಾರೆ.)

ಇಂಥ ಪ್ರಶ್ನೆಗಳಿಗೆಂದೇ ನಮ್ಮಲ್ಲಿ ಒಂದು ರಿಜಿಸ್ಟರ್ ಇತ್ತು. ರೋಗಿ ಯಾರು, ಕೊಡಬೇಕೆಂದಿರುವುದು ಏನು, ಯಾವುದಕ್ಕೆ ಹೋಲಿಸಿ, ಯಾವ ಫಲಕ್ಕಾಗಿ ಎಂದು ನಾಲ್ಕು ಕಾಲಂ ಎಳೆದು, ಪ್ರಶ್ನೆ ತಂದವರ ಕೈಯಲ್ಲೇ ತುಂಬಿಸುತ್ತಿದ್ದೆ. ನಾಲ್ಕೂ ತುಂಬದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಎಷ್ಟೋ ಬಾರಿ ಮೂರನೆಯ ಕಾಲಂ ತುಂಬುವಾಗಲೇ ಪಿ.ಜಿ. ವಿದ್ಯಾರ್ಥಿಗಳು ಪೆನ್ನು ಕೆಳಗಿಟ್ಟು ತಲೆ ಕೆರೆದುಕೊಂಡದ್ದುಂಟು. ಆ ದಿನ ಫೋನಿನಲ್ಲೇ ನಾಲ್ಕೂ ತುಂಬಿಸಿ, ಪಬ್‌ಮೆಡ್‌ನಲ್ಲಿ ಹುಡುಕಿದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಈ ಸೂಚಿಯಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರಗಳಿವೆ, ಹುಡುಕಲು ಕಾಸು ಬೇಕಿಲ್ಲ. ಆದರೆ ಹುಡುಕುವುದೂ ಒಂದು ಕಸುಬು. ಎಎಸ್‌ವಿಯಂಥ ಮದ್ದನ್ನು ಒಬ್ಬ ಲೇಖಕ ಆಂಟಿವೆನಮ್ ಎಂದು ಬರೆದರೆ ಇನ್ನೊಬ್ಬ ಆಂಟಿವೆನಿನ್ ಎಂದು ಬರೆದಿರುತ್ತಾನೆ. ಒಂದೇ ಪದಕ್ಕೆ ಜೋತುಬಿದ್ದರೆ ಬೇಕಾದ ಲೇಖನವೇ ಕೈತಪ್ಪೀತು. ವಿಷಯಸೂಚಿಯಲ್ಲಿ ಅದಕ್ಕೆ ಆಂಟಿವೆನಿನ್ಸ್ ಎಂಬ ಶೀರ್ಷಿಕೆಯಿದೆಯೆಂದು ಬಲ್ಲವರಿಗೆ ದಾರಿ ಸುಲಭ.

ಸಿಕ್ಕಿದ್ದು ಶ್ರೀಲಂಕಾದ ಆಸ್ಪತ್ರೆಗಳಲ್ಲಿ 1007 ರೋಗಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗ. ಯಾರಿಗೆ ಯಾವ ಔಷಧ, ಯಾರಿಗೆ ಹುಸಿ ಔಷಧ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಕೊಡುವವರಿಗೂ ಪಡೆಯುವವರಿಗೂ ಗೊತ್ತಾಗದಂತೆ ನಡೆಸಿದ ಅಧ್ಯಯನವದು. ಎಎಸ್‌ವಿಗೆ ಮೊದಲು ಚರ್ಮದಡಿ ಕೊಟ್ಟ ಕಡಿಮೆ ಪ್ರಮಾಣದ ಅಡ್ರಿನಲಿನ್, ಮೊದಲ ಒಂದು ಗಂಟೆಯಲ್ಲಿ ತೀವ್ರ ರಿಯಾಕ್ಷನ್‌ಗಳನ್ನು ಶೇ 43ರಷ್ಟು ತಗ್ಗಿಸಿತ್ತು. ಹೈಡ್ರೋಕಾರ್ಟಿಸೋನ್‌ನಿಂದಾಗಲಿ, ಅವಿಲ್‌ನ ಗುಂಪಿಗೇ ಸೇರಿದ ಪ್ರೊಮೆಥಜೀನ್‌ನಿಂದಾಗಲಿ ಅಂಥ ಪ್ರಯೋಜನ ಕಂಡಿರಲಿಲ್ಲ. ಶ್ರೀಲಂಕಾದಲ್ಲಿ ಬಳಸುವುದೂ ಭಾರತದಲ್ಲೇ ತಯಾರಾಗುವ ಎಎಸ್‌ವಿ. ಹಾಗಾಗಿ ಈ ಫಲಿತಾಂಶ ನಮಗೆ ದೂರದ್ದಲ್ಲ. ಲೇಖನವೂ ಯಾರು ಬೇಕಾದರೂ ಪೂರ್ತಿ ಓದಬಹುದಾದ ಪತ್ರಿಕೆಯಲ್ಲಿತ್ತು. ಅದನ್ನು ವೈದ್ಯರಿಗೆ ಕಳುಹಿಸಿದೆ. ಯಾವ ರೋಗಿಗೆ ಏನು ಕೊಡಬೇಕೆಂಬ ತೀರ್ಮಾನ ಅವರದು. ಹೃದ್ರೋಗವಿರುವ ಹಿರಿಯರಿಗೆ ಅಡ್ರಿನಲಿನ್ ಕೊಡುವ ಮುನ್ನ ಯೋಚಿಸಬೇಕಾದ್ದನ್ನು ನನಗಿಂತ ಅವರು ಬಲ್ಲರು. ನನ್ನ ಕೆಲಸಕ್ಕೆ ಹಿಡಿದದ್ದು 40 ನಿಮಿಷ. ಆ 40 ನಿಮಿಷ ಹೊರರೋಗಿಗಳ ಸಾಲು ಬಾಗಿಲಾಚೆಗೂ ನಿಂತಿರುವ ವೈದ್ಯರ ಬಳಿ ಇರುವುದಿಲ್ಲ.

ಅವರ ಬಳಿ ಇರುವುದು ಮೊಬೈಲ್. ಕಂಪನಿಯ ರೆಪ್ರೆಸೆಂಟೇಟಿವ್ ಬಿಟ್ಟುಹೋದ ಬಣ್ಣದ ಹಾಳೆಯಲ್ಲಿ ಔಷಧವನ್ನು ಹೊಗಳಿದ ಅಧ್ಯಯನಗಳಷ್ಟೇ ಇರುತ್ತವೆ. ಬ್ಯಾಚ್‌ಮೇಟ್‌ಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುತ್ತುವ ಮಾತಿಗೆ ಮೂಲವಿರುವುದಿಲ್ಲ. ಈಗ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳೂ ಸೇರಿವೆ. ಹೌಸ್ ಸರ್ಜನ್ ಒಬ್ಬರು ಅಂಥ ಆ್ಯಪ್ ಕೊಟ್ಟ ಮೂರು ಲೇಖನಗಳ ಹೆಸರು ತಂದು ತೋರಿಸಿದ್ದರು. ಎರಡು ನಿಜ. ಮೂರನೆಯದಕ್ಕೆ ಲೇಖಕರ ಹೆಸರು, ಇಸವಿ, ಪುಟಸಂಖ್ಯೆ ಎಲ್ಲವೂ ಇದ್ದವು. ಆ ಪತ್ರಿಕೆಯ ಆ ಸಂಚಿಕೆಯನ್ನು ತೆಗೆದು ನೋಡಿದರೆ ಅಂಥ ಲೇಖನವೇ ಇರಲಿಲ್ಲ. ಆ್ಯಪ್ ಬಳಸಬೇಡಿ ಎನ್ನಲಾರೆ, ನಾನೂ ಬಳಸುತ್ತೇನೆ. ಮೂಲ ತೆರೆದು ನೋಡದೆ ರೋಗಿಯ ಬಳಿ ಹೋಗಬಾರದು ಎಂದಷ್ಟೇ ನನ್ನ ತಕರಾರು.

ಮೂಲ ತೆರೆದರೂ ಸಾರಾಂಶವಷ್ಟೇ ಓದಿದರೆ ಸಾಲದು ಎಂಬುದಕ್ಕೆ ನಮ್ಮ ರಾಜ್ಯಕ್ಕೇ ಸಂಬಂಧಿಸಿದ ನಿದರ್ಶನವಿದೆ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆಯಿದ್ದರೆ, ಶಿಶುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದು 1972ರ ನ್ಯೂಜಿಲೆಂಡಿನ ಪ್ರಯೋಗದಿಂದ ಬೆಳೆದುಬಂದ ಪದ್ಧತಿ. ಇದನ್ನು ಹಳ್ಳಿಯ ಮಟ್ಟಕ್ಕೆ ಒಯ್ದರೆ ಏನಾಗುತ್ತದೆಂದು ನಮ್ಮ ಬೆಳಗಾವಿಯೂ ಸೇರಿದಂತೆ ಆರು ದೇಶಗಳ ಹಲವು ಕಡೆ ಸುಮಾರು ಒಂದು ಲಕ್ಷ ಹೆರಿಗೆಗಳಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದಾಗ, ತೀರಾ ಕಡಿಮೆ ತೂಕದ ಶಿಶುಗಳ ಸಾವು ತಗ್ಗಿರಲಿಲ್ಲ, ಒಟ್ಟಾರೆ ಶಿಶುಗಳ ಸಾವು ಹೆಚ್ಚಿತ್ತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ಮುಂದೆ 2020ರಲ್ಲಿ, ಭಾರತವೂ ಸೇರಿ ಐದು ದೇಶಗಳ ಸಜ್ಜಾದ ಆಸ್ಪತ್ರೆಗಳಲ್ಲಿ 2852 ಗರ್ಭಿಣಿಯರ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ ಅದೇ ಔಷಧ ನವಜಾತ ಶಿಶುಗಳ ಸಾವನ್ನು ತಗ್ಗಿಸಿತು. ಗರ್ಭದ ವಾರಗಳನ್ನು ಸ್ಕ್ಯಾನಿಂಗ್‌ನಿಂದ ಖಚಿತಪಡಿಸಿಕೊಂಡಿದ್ದರೇ, ಶಿಶುವನ್ನು ನೋಡಿಕೊಳ್ಳುವ ಘಟಕ ಅಲ್ಲಿತ್ತೇ ಎಂಬ ವಿವರ ಲೇಖನದ ಒಳಪುಟಗಳಲ್ಲಿರುತ್ತದೆ. ದೇವದುರ್ಗದಲ್ಲೋ ಲಿಂಗಸುಗೂರಿನಲ್ಲೋ ಕುಳಿತ ವೈದ್ಯರಿಗೆ ಬೇಕಾದದ್ದು ಆ ಪುಟಗಳೇ.

ಆ ಪುಟಗಳಿಗೆ ಎಷ್ಟೋ ಸಲ ಬೀಗ ಬಿದ್ದಿರುತ್ತದೆ. ಒಂದೊಂದು ಲೇಖನಕ್ಕೆ 30 ಡಾಲರ್‌ಗೂ ಮಿಗಿಲು ಕೇಳುವ ಪತ್ರಿಕೆಗಳು ಹಲವು. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಜಾರಿಗೆ ಬಂದಿದ್ದು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟು ಸುಮಾರು 13,000 ನಿಯತಕಾಲಿಕೆಗಳನ್ನು ತೆರೆದಿಟ್ಟಿದೆ. ಇದು ದೊಡ್ಡ ಕೆಲಸ, ಸಂದೇಹವಿಲ್ಲ. ಆದರೆ ಅದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಮೀಸಲು. ತಾಲ್ಲೂಕು ಆಸ್ಪತ್ರೆ ಶಿಕ್ಷಣ ಸಂಸ್ಥೆಯಲ್ಲ. ನಿನ್ನೆಯವರೆಗೆ ಕಾಲೇಜಿನಲ್ಲಿದ್ದು ಎಲ್ಲವನ್ನೂ ಓದುತ್ತಿದ್ದ ವೈದ್ಯರು, ಸಿಂಧನೂರಿಗೆ ವರ್ಗವಾದ ಮರುದಿನ ಸಾರಾಂಶಕ್ಕೆ ತೃಪ್ತಿಪಡಬೇಕು. ಹಾಗಾಗಬೇಕಿಲ್ಲ ಎಂಬುದಕ್ಕೆ ಪೂರ್ವನಿದರ್ಶನವಿದೆ: 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಣ ತೆತ್ತು, ಭಾರತದಲ್ಲಿ ಇಂಟರ್ನೆಟ್ ಇರುವ ಯಾರು ಬೇಕಾದರೂ, ಚಿಕಿತ್ಸೆಗಳ ಮೇಲಿನ ಪ್ರಯೋಗಗಳನ್ನು ಕಲೆಹಾಕಿ ತೂಗಿ ನೋಡಿದ ವರದಿಗಳಿರುವ ಕಾಕ್ರೇನ್ ಗ್ರಂಥಾಲಯವನ್ನು ಪೂರ್ತಿಯಾಗಿ ಓದುವಂತೆ ಮಾಡಿತ್ತು. ಅದೇ ಐಸಿಎಂಆರ್ 2019ರಿಂದ ಹೊರತರುತ್ತಿರುವ ಪ್ರಮಾಣಿತ ಚಿಕಿತ್ಸಾ ಕ್ರಮಗಳ ಹಾಳೆಗಳು ಉಚಿತವಾಗಿ ಸಿಗುತ್ತವೆ, ಚೆನ್ನಾಗಿಯೂ ಇವೆ. ಆದರೆ ಒಂದು ಕಾಯಿಲೆಗೆ ಒಂದೆರಡು ಪುಟವೆಂದರೆ ಎಲ್ಲ ಪ್ರಶ್ನೆಗೂ ಅಲ್ಲಿ ಜಾಗವಿರುವುದಿಲ್ಲ.

2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ನಮ್ಮ ರಾಜ್ಯ ಘೋಷಿಸಿದೆ. ಪ್ರತಿಯೊಂದು ಪ್ರಕರಣದ ಲೆಕ್ಕ ಕೇಳುವ ಸರ್ಕಾರ, ಲೆಕ್ಕ ಬರೆಯುವವರ ಪ್ರಶ್ನೆಗೂ ಕಿವಿಗೊಡಲಿ ಎಂಬುದು ನನ್ನ ಮನವಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅವುಗಳಿಗೆ ಗ್ರಂಥಾಲಯಗಳಿವೆ. ಅಲ್ಲಿ ಒಂದು ಫೋನ್, ಹುಡುಕಲು ಬಲ್ಲ ಒಬ್ಬರು, ಸಿಕ್ಕಿದ್ದನ್ನು ತೂಗಿ ನೋಡಿ ಸಹಿ ಹಾಕುವ ಒಬ್ಬ ಪ್ರಾಧ್ಯಾಪಕರು ಇದ್ದರೆ, ಜಿಲ್ಲೆಯ ವೈದ್ಯರು ಮತ್ತು ಶುಶ್ರೂಷಾಧಿಕಾರಿಗಳು ಕೇಳಿದ್ದಕ್ಕೆ ಮರುದಿನದೊಳಗೆ ಉತ್ತರ ಕಳುಹಿಸಬಹುದು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆಂದೇ ಗ್ರಂಥಪಾಲಕರಿದ್ದಾರೆ. ನಮ್ಮಲ್ಲಿ ಹೊಸ ಕಟ್ಟಡವೂ ಬೇಕಿಲ್ಲ, ಇಲಾಖೆಯ ಒಂದು ಆದೇಶ ಸಾಕು.

ನಿವೃತ್ತಿಯ ದಿನ ಆ ರಿಜಿಸ್ಟರನ್ನು ಒಪ್ಪಿಸುವ ಮೊದಲು ಒಮ್ಮೆ ತಿರುವಿ ನೋಡಿದ್ದೆ. ತಾಲ್ಲೂಕು ಆಸ್ಪತ್ರೆಗಳಿಂದ ಬಂದ ಪ್ರಶ್ನೆಗಳು ಬೆರಳೆಣಿಕೆಯಷ್ಟಿದ್ದವು, ಅವೂ ನನ್ನ ಮೊಬೈಲ್ ನಂಬರ್ ಗೊತ್ತಿದ್ದವರು ಕೇಳಿದವು. ರಾಯಚೂರಿನಲ್ಲಿ ಇಂಥದ್ದೊಂದು ಸೇವೆಯನ್ನು ಪ್ರಾಯೋಗಿಕವಾಗಿ ಆರಂಭಿಸುವುದಾದರೆ, ವಾರಕ್ಕೆರಡು ದಿನ ಸಂಭಾವನೆಯಿಲ್ಲದೆ ಬಂದು ಕೂರಲು ನಾನು ಸಿದ್ಧನಿದ್ದೇನೆ.

ಇಂತಿ,
ನಿವೃತ್ತ ಗ್ರಂಥಪಾಲಕ, ರಾಯಚೂರು