ಗೆಳೆಯನಿಗೊಂದು ಪತ್ರ: ನೆರಳು ದಕ್ಷಿಣಕ್ಕೆ ಬಿದ್ದ ದಿನ

ಪ್ರೀತಿಯ ಗೆಳೆಯಾ,

ಬಿಆರ್‌ಪಿ, ಅಂದರೆ ತಾಲ್ಲೂಕಿನ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿಯ ಹುದ್ದೆಗೆ ಪರೀಕ್ಷೆ ಬರೆಯಲೇ ಬೇಡವೇ ಎಂದು ನೀನು ಕೇಳಿ ತಿಂಗಳಾಯಿತು. ಫೋನಿನಲ್ಲೇ ‘ಬರಿ’ ಎಂದು ಮುಗಿಸಬಹುದಿತ್ತು. ಆದರೆ ಬಿ.ಇಡಿ. ಓದುವಾಗ ನನ್ನ ಅರ್ಧಕ್ಕರ್ಧ ಪಾಠಯೋಜನೆಗಳನ್ನು ಬರೆದುಕೊಟ್ಟವನು ನೀನು. ಆ ಋಣಕ್ಕಾದರೂ ನಾಲ್ಕು ಮಾತು ಬಿಡಿಸಿ ಹೇಳಬೇಕು.

ಈ ಹುದ್ದೆ ಹಿಡಿದು ಸಂಪನ್ಮೂಲ ಕೇಂದ್ರಕ್ಕೆ ಬಂದ ಮೊದಲ ದಿನ ನನ್ನ ಕೈಗೆ ಬಂದದ್ದು ಒಂದು ಕಬ್ಬಿಣದ ಬೀರುವಿನ ಬೀಗದಕೈ. ತೆರೆದರೆ ಒಳಗೆ ನಾಲ್ಕು ಗೋಳಗಳು, ಸುರುಳಿ ಸುತ್ತಿದ ಭೂಪಟಗಳು, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಚಾರ್ಟುಗಳು. ಎಲ್ಲವೂ ಹೊಚ್ಚ ಹೊಸವು, ಯಾಕೆಂದರೆ ಯಾರಿಗೂ ಕೊಟ್ಟೇ ಇರಲಿಲ್ಲ. ದಾಸ್ತಾನು ವಹಿಯ ಲೆಕ್ಕ ತಪ್ಪಿದರೆ ಯಾರ ಸಂಬಳದಲ್ಲಿ ಮುರಿದುಕೊಳ್ಳುತ್ತಾರೋ ಎಂಬ ಭಯ. ನಾನೂ ಆರು ತಿಂಗಳು ಆ ಬೀಗವನ್ನು ನಿಷ್ಠೆಯಿಂದ ಕಾಯ್ದೆ. ಆಮೇಲೆ ನಾಚಿಕೆಯಾಗಿ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಿಟ್ಟೆ: ಹೆಸರು ಬರೆಯಿರಿ, ಒಯ್ಯಿರಿ, ತಂದುಕೊಡಿ. ಮೊದಲು ಹೋದ ಗೋಳ ಗ್ರೀನ್‌ಲ್ಯಾಂಡಿನ ಮೇಲೆ ತಗ್ಗು ಬಿದ್ದು, ಅಕ್ಷದಿಂದ ಕಳಚಿಕೊಂಡು ಮರಳಿತು. ವಹಿಯಲ್ಲಿ ‘ಬಳಕೆಯಿಂದ ಸವೆದಿದೆ’ ಎಂದು ಬರೆದು ರುಜು ಹಾಕಿದೆ. ಮೂರು ವರ್ಷದಲ್ಲಿ ಇಷ್ಟು ಸಂತೋಷದಿಂದ ಹಾಕಿದ ರುಜು ಇನ್ನೊಂದಿಲ್ಲ.

ನಮ್ಮ ವಿಷಯದ ಪಾಡು ನಿನಗೆ ಗೊತ್ತೇ ಇದೆ. ಪುಸ್ತಕದ ಮೇಲೆ ಸಮಾಜ ವಿಜ್ಞಾನ ಎಂಬ ಒಂದೇ ಹೆಸರು; ಒಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ಸಂಸಾರ. ಇತಿಹಾಸದಲ್ಲಿ ಎಂ.ಎ. ಮಾಡಿದವರು ಬ್ಯಾಂಕ್ ವ್ಯವಹಾರದ ಪಾಠ ಬಂದಾಗ ಮಕ್ಕಳಿಗಿಂತ ಮೊದಲು ತಾವೇ ಬೆವರುತ್ತಾರೆ. ಆದರೆ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ‘ಸಂದೇಹವಿದೆಯೇ?’ ಎಂದು ಕೇಳಿ ನೋಡು, ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಸಂದೇಹಗಳೆಲ್ಲ ಹೊರಬೀಳುವುದು ಗೇಟಿನಾಚೆಯ ಮಿರ್ಚಿ ಗಾಡಿಯ ಹತ್ತಿರ. ಹಾಗಾಗಿ ಚಹಾ ವಿರಾಮವನ್ನು ಹದಿನೈದು ನಿಮಿಷದಿಂದ ನಲವತ್ತಕ್ಕೆ ಏರಿಸಿದ್ದೇನೆ. ವರದಿಯಲ್ಲಿ ಅದಕ್ಕೆ ‘ಗುಂಪು ಚರ್ಚೆ’ ಎಂದು ಹೆಸರು.

ನಿವೃತ್ತಿಗೆ ಎರಡು ವರ್ಷ ಉಳಿದ ಹಿರಿಯ ಮೇಷ್ಟ್ರೊಬ್ಬರು ಅಲ್ಲೇ ನನ್ನನ್ನು ಪಕ್ಕಕ್ಕೆ ಕರೆದರು. “ಸರ್, ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ ಎಂದು ಉರು ಹೊಡೆಸುತ್ತಲೇ ಬಂದಿದ್ದೇನೆ. ಅದು ಕಣ್ಣಿಗೆ ಕಾಣುತ್ತದೆಯೇ ಎಂದು ಒಬ್ಬ ಹುಡುಗಿ ಕೇಳಿದಳು. ನಾಳೆ ಹೇಳುತ್ತೇನೆ ಎಂದೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಹಾಗಾಗಿದೆ ನನ್ನ ಕಥೆ.”

ನನಗೂ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಜೂನ್ ಸಭೆಯ ದಿನ ಶಾಲೆಯ ಅಂಗಳದಲ್ಲಿ ಮೂರಡಿಯ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿದೆವು. ನಮ್ಮ ಚಿತ್ರದುರ್ಗ ಜಿಲ್ಲೆ ಮಳೆನೆರಳಿನ ನಾಡಲ್ಲವೇ, ಬಿಸಿಲಿಗೇನೂ ಬರವಿರಲಿಲ್ಲ. ಹನ್ನೆರಡು ಗಂಟೆಗೆ ಶಿಕ್ಷಕರು ನೆರಳಿನ ತುದಿಗೆ ಸುಣ್ಣದಲ್ಲಿ ಗುರುತು ಹಾಕಿ ‘ಇದೇ ಮಧ್ಯಾಹ್ನ’ ಎಂದು ಕೈ ಕೊಡವಿಕೊಂಡರು. ನೆರಳು ಒಪ್ಪಲಿಲ್ಲ, ಗಿಡ್ಡವಾಗುತ್ತಲೇ ಹೋಯಿತು. ತೀರ ಗಿಡ್ಡವಾದಾಗ ಗಡಿಯಾರದಲ್ಲಿ 12 ಗಂಟೆ 25 ನಿಮಿಷದ ಆಸುಪಾಸು. ಭಾರತದ ಗಡಿಯಾರ ನಡೆಯುವುದು 82½ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು ಸುಮಾರು 76½ರಲ್ಲಿ. ಆರು ಡಿಗ್ರಿ, ನಾಲ್ಕಾರಲಿ ಇಪ್ಪತ್ನಾಲ್ಕು. ಮೇಷ್ಟ್ರು ಬಿಸಿಲಿನಲ್ಲೇ ಬೆರಳು ಮಡಿಚಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

ಅಷ್ಟರಲ್ಲಿ ಒಬ್ಬ ಮೇಡಂ, “ಇದೇನು, ನೆರಳು ದಕ್ಷಿಣಕ್ಕೆ ಬಿದ್ದಿದೆ!” ಎಂದರು. ದಿಕ್ಸೂಚಿಯೇ ಕೆಟ್ಟಿದೆ ಎಂದು ಅರ್ಧ ಸಭೆ ತೀರ್ಪು ಕೊಟ್ಟಿತು. ಮಧ್ಯಾಹ್ನದ ಸೂರ್ಯ ಸದಾ ನಮ್ಮ ದಕ್ಷಿಣಕ್ಕೇ ಇರುತ್ತಾನೆ ಎಂದು ಅವರೆಲ್ಲ ನಂಬಿದ್ದರು, ನಾನೂ ಅವರಲ್ಲೊಬ್ಬ. ಆದರೆ ನಾವಿರುವುದು 14 ಡಿಗ್ರಿ ಅಕ್ಷಾಂಶದಲ್ಲಿ, ಜೂನಿನಲ್ಲಿ ಸೂರ್ಯ 23½ರ ಕರ್ಕಾಟಕ ವೃತ್ತದವರೆಗೆ ಹೋಗಿರುತ್ತಾನೆ. ಅಂದರೆ ನಮ್ಮನ್ನು ದಾಟಿ ಉತ್ತರಕ್ಕೆ. ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಬರೆದದ್ದು ಗೇಣುದ್ದವೂ ಇಲ್ಲದ ನೆರಳಾಗಿ ಕಾಲ ಬಳಿ ಬಿದ್ದಿತ್ತು. ಅವತ್ತು ಊಟದ ಗಂಟೆಯನ್ನು ಯಾರೂ ಜ್ಞಾಪಿಸಲಿಲ್ಲ.

ಇದಾದ ಮೇಲೆ ಶಿಕ್ಷಕರೇ ಬ್ರಹ್ಮಗಿರಿಗೆ ಹೋಗೋಣವೆಂದು ಹಟ ಹಿಡಿದರು. ನಮ್ಮದೇ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕು, ಶಾಸನತಜ್ಞ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನವನ್ನು ಕಂಡದ್ದು 1892ರಲ್ಲಿ. ಹದಿನೇಳು ವರ್ಷ ಅಶೋಕನ ಪಾಠ ಮಾಡಿದ ಮೇಡಂ ಒಬ್ಬರು ಆ ಬಂಡೆಯನ್ನು ನೋಡಿದ್ದು ಅದೇ ಮೊದಲು. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ ರಾಜಾಜ್ಞೆ ತಿಳಿಸುವ ಒಕ್ಕಣೆ ಓದಿ ಹೇಳಿದಾಗ, “ಇದು ಸುತ್ತೋಲೆಯಲ್ಲವೇ ಸರ್?” ಎಂದು ಯಾರೋ ನಕ್ಕರು. ನಿಜವೇ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ಗಡಿಯ ಲಿಪಿ ಬಲ್ಲವನೊಬ್ಬ ನಮ್ಮ ಬಯಲುಸೀಮೆಯ ಬಂಡೆಯ ಮುಂದೆ ಏನು ಮಾಡುತ್ತಿದ್ದ? ಹಿಂದಿರುಗುವ ಬಸ್ಸಿನಲ್ಲಿ ಪೂರ್ತಿ ಅದೇ ಮಾತು. ಶಿಷ್ಯ ಆಚಾರ್ಯನನ್ನು ಗೌರವಿಸಬೇಕು ಎಂಬ ಸಾಲೂ ಅದೇ ಶಾಸನದಲ್ಲಿದೆ. ಅದನ್ನು ಒಂಬತ್ತನೆಯ ತರಗತಿಯ ಗೋಡೆಗೆ ಅಂಟಿಸುವುದಾಗಿ ಇಬ್ಬರು ಶಪಥ ಮಾಡಿದರು.

ಇಷ್ಟೆಲ್ಲ ಓದಿ ಮರುಳಾಗಬೇಡ. ತಿಂಗಳಲ್ಲಿ ಇಂಥ ದಿನಗಳು ಎರಡೋ ಮೂರೋ. ಉಳಿದವು ‘ಇಂದು ಸಂಜೆ 4ರೊಳಗೆ ಮಾಹಿತಿ ಸಲ್ಲಿಸಿ’ ಎನ್ನುವ ಸಂದೇಶಗಳ ಪಾಲು. ಅದಕ್ಕಿಂತ ನೋಯಿಸುವುದು ಇನ್ನೊಂದಿದೆ. ನನಗೆ ಈಗ ನನ್ನದೇ ಎನ್ನುವ ತರಗತಿ ಇಲ್ಲ. ಶಾಲೆಗೆ ಹೋದರೆ ಮಕ್ಕಳು ಎದ್ದು ನಿಂತು, ತಪಾಸಣೆಗೆ ಬಂದವನನ್ನು ನೋಡುವಂತೆ ನೋಡುತ್ತಾರೆ. ಇದನ್ನು ತಾಳಬಲ್ಲೆಯಾದರೆ ಅರ್ಜಿ ಹಾಕು.

ಅದಕ್ಕೂ ಮೊದಲು ಒಮ್ಮೆ ಬಂದು ಹೋಗು. ಕೋಲಿನ ನೆರಳು ಪೂರ್ತಿ ಮಾಯವಾಗುವ ದಿನ ನಮ್ಮಲ್ಲಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಬರುತ್ತದೆ. ಏಪ್ರಿಲಿನಲ್ಲಿ ರಜೆ, ಆಗಸ್ಟಿನಲ್ಲಿ ಮೋಡ, ನಮ್ಮ ಅದೃಷ್ಟ ಹಾಗಿದೆ. ನಿಮ್ಮ ಬೀದರಿನಲ್ಲಿ ಅದು ಆಗಸ್ಟ್ ಮೊದಲ ದಿನಗಳಲ್ಲೇ ಆಗಿಹೋಗುತ್ತದೆ. ಅಲ್ಲಿ ನಿನ್ನ ಮಕ್ಕಳ ಜೊತೆ ನೋಡಿಕೊಂಡು ಹೊರಡು. ಸೂರ್ಯ ಅಲ್ಲಿಂದ ಇಲ್ಲಿಗೆ ಬರಲು ಎರಡು ವಾರ ಮಾಡುತ್ತಾನೆ, ನಿನಗೆ ಒಂದು ರಾತ್ರಿಯ ಬಸ್ಸು ಸಾಕು.

ಇಂತಿ ನಿನ್ನ,
ಪಾಠಯೋಜನೆಯ ಸಾಲಗಾರ